ಏಳರ ಮಗ್ಗಿ ಒಪ್ಪಿಸಿದ ಹುಡುಗಿ

ಮಗಳನ್ನು ಮಣ್ಣು ಮಾಡಿದ ಮೂರನೇ ದಿನ ಹುಲಿಗೆಮ್ಮ ಶಾಲೆಗೆ ಬಂದಳು. ಬಂದವಳು ಅಳಲಿಲ್ಲ, ಕೂಗಾಡಲಿಲ್ಲ. ಮೂರನೇ ಕ್ಲಾಸಿನ ಬಾಗಿಲಲ್ಲಿ ನಿಂತು, "ಟೀಚರಮ್ಮ, ಹಾಜರಿ ಪುಸ್ತಕ ನೋಡಿ ಒಂದು ಮಾತು ಹೇಳ್ರಿ. ಸೋಮವಾರ ನಮ್ಮ ಭಾಗ್ಯ ಸಾಲಿಗೆ ಬಂದಿದ್ಲೋ ಇಲ್ಲೋ?" ಎಂದಳು.

ನಿರ್ಮಲಾ ಟೀಚರ್ ಬೋರ್ಡಿನ ಮೇಲೆ ಬರೆಯುತ್ತಿದ್ದ ಲೆಕ್ಕವನ್ನು ಅರ್ಧಕ್ಕೇ ಬಿಟ್ಟರು.

"ಕೇರಿ ಮಂದಿ ಬಾಯಿಗೆ ಬಂದಂಗೆ ಅಂತಾರೆ ಟೀಚರಮ್ಮ. ಸಾಲಿ ತಪ್ಪಿಸ್ಕೊಂಡು ಚಾನಲ್ ನೀರಿನ ಕಡೆ ಹೋಗಿದ್ಲು, ಅದಕ್ಕೇ ಹಂಗಾತು ಅಂತ. ನಾನು ನಸುಕಿಗೇ ಮಂಡಕ್ಕಿ ಭಟ್ಟಿಗೆ ಹೋಗೋಳು, ನಂಗೇನು ಗೊತ್ತಾಕ್ಕೈತೆ? ಸತ್ತೋಳಂತೂ ಬರಂಗಿಲ್ಲ. ಸುಳ್ಳು ಹೇಳಿ ಹೋದ್ಲಾ ಅನ್ನೋದೊಂದು ತಿಳೀಬೇಕು ನಂಗೆ."

ಸುಳ್ಳು ಹೇಳಿದವರು ಯಾರು ಎಂಬುದು ಟೀಚರಿಗೆ ಚೆನ್ನಾಗಿ ಗೊತ್ತಿತ್ತು. ಸೋಮವಾರ ಶಾಲಾ ಇನ್ಸ್‌ಪೆಕ್ಟರ್ ಬಂದಿದ್ದರು. ಇನ್ಸ್‌ಪೆಕ್ಟರ್ ಬರುವ ದಿನ ದಡ್ಡ ಮಕ್ಕಳಿಗೆ ಬರಬೇಡಿ ಎನ್ನುವುದು, ಮೇಲಿನ ಕ್ಲಾಸಿನ ಜಾಣರನ್ನು ತಂದು ಅವರ ಜಾಗದಲ್ಲಿ ಕೂರಿಸಿ, ಅವರ ಹೆಸರಿನಲ್ಲೇ ಉತ್ತರ ಹೇಳಿಸುವುದು ಈ ಶಾಲೆಯಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಅದನ್ನು ಯಾರೂ ತಪ್ಪು ಎಂದುಕೊಂಡಿರಲಿಲ್ಲ, ಸ್ವಾಮಿ! ಶನಿವಾರವೇ ನಿರ್ಮಲಾ ಭಾಗ್ಯಳನ್ನು ಮೂಲೆಗೆ ಕರೆದು, "ಸೋಮವಾರ ನೀನು ಬರಬ್ಯಾಡ. ಹಾಜರಿ ನಾನು ಹಾಕ್ತೀನಿ, ಸರ್ಕಾರ ತಿಂಗ್ಳಾ ತಿಂಗ್ಳಾ ಕೊಡೋ ಮೂರು ಕೇಜಿ ಅಕ್ಕಿ ನಿಂಗೆ ತಪ್ಪಲ್ಲ. ನಿಮ್ಮವ್ವನಿಗೆ ಹೇಳಬ್ಯಾಡ ಮತ್ತೆ" ಎಂದಿದ್ದರು. ಹುಡುಗಿ ಖುಷಿಯಿಂದಲೇ ಹೂಂ ಎಂದಿತ್ತು.

ಹೇಳಿದ ಮಾತು ಮೀರಲಿಲ್ಲ ಅದು. ಅವ್ವನಿಗೆ ತಿಳಿಯಬಾರದೆಂದು ಸೋಮವಾರ ಯೂನಿಫಾರಂ ತೊಟ್ಟು, ಪಾಟಿಚೀಲ ಹೆಗಲಿಗೆ ಹಾಕಿಕೊಂಡೇ ಮನೆ ಬಿಟ್ಟಿತು. ಶಾಲೆಗೆ ಬರುವಂತಿಲ್ಲ, ಮನೆಗೆ ಮರಳುವಂತಿಲ್ಲ. ಎಂಟು ವರ್ಷದ ಮಗು ಸಂಜೆಯ ತನಕ ಎಲ್ಲಿರಬೇಕು? ಭದ್ರಾ ಕಾಲುವೆಯ ಏರಿಯ ಮೇಲೆ ಕೂತಿತ್ತಂತೆ. ಇತ್ತ ಅದರ ಜಾಗದಲ್ಲಿ ನಾಲ್ಕನೇ ಕ್ಲಾಸಿನ ನಸೀಮಾ ಕೂತು ಎಲ್ಲದಕ್ಕೂ ಪಟಪಟನೆ ಉತ್ತರ ಕೊಟ್ಟಳು. ಇನ್ಸ್‌ಪೆಕ್ಟರ್ ಹರಿಹರದ ಕಡೆ ಹೋಗಬೇಕೆಂದು ಹನ್ನೊಂದಕ್ಕೆಲ್ಲ ಜೀಪು ಹತ್ತಿದರು. ಆಮೇಲಾದರೂ ಆ ಮಗುವನ್ನು ಕರೆತರೋಣ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಸಂಜೆ ಹದಡಿ ರಸ್ತೆಯ ತೂಬಿನ ಹತ್ತಿರ ಹೆಣ ಸಿಕ್ಕಿತು.

"ಹುಲಿಗೆಮ್ಮ..." ನಿರ್ಮಲಾ ಸೀಮೆಸುಣ್ಣ ಮೇಜಿನ ಮೇಲಿಟ್ಟರು. ಹೇಳಿಬಿಡಬೇಕು, ನೌಕರಿ ಹೋದರೆ ಹೋಗಲಿ ಎಂದು ಮೂರು ರಾತ್ರಿ ನಿದ್ದೆಗೆಟ್ಟು ಗಟ್ಟಿ ಮಾಡಿಕೊಂಡ ಮಾತು ನಾಲಿಗೆಯವರೆಗೂ ಬಂದಿತ್ತು. "ನಿನ್ನ ಮಗಳದ್ದೇನೂ ತಪ್ಪಿಲ್ಲ. ಅವತ್ತು ನಾನೇ..."

"ಬಂದಿದ್ಲು ಕಣಮ್ಮ!" ಹೆಡ್ ಮೇಷ್ಟ್ರು ಮುರುಗೇಶಪ್ಪನವರು ಪಕ್ಕದ ಕೋಣೆಯಿಂದ ದಡಬಡ ಬಂದೇಬಿಟ್ಟರು. ಒಂದು ಕಂಕುಳಲ್ಲಿ ಹಾಜರಿ, ಇನ್ನೊಂದರಲ್ಲಿ ಇನ್ಸ್‌ಪೆಕ್ಟರು ಬರೆದು ಹೋದ ಪುಸ್ತಕ. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಮನುಷ್ಯ. ರಿಜಿಸ್ಟರ್ ಮುಟ್ಟಿದರೆ ಇಬ್ಬರೂ ಸಸ್ಪೆಂಡ್ ಆಗ್ತೀವಿ ಎಂದು ಟೀಚರಿಗೆ ಮಂಗಳವಾರವೇ ಹೇಳಿದ್ದರು. "ಸಾಲಿ ಬಿಟ್ಟ ಮೇಲೆ ಆ ಕಡೆ ಹೋಗ್ಯಾಳೆ. ಹಣೆಬರ, ಏನ್ ಮಾಡಕಾಗ್ತೈತೆ? ಕೇಳಿಲ್ಲಿ, ಸಾಹೇಬ್ರು ತಮ್ಮ ಕೈಯಾರೆ ಬರೆದಾರೆ."

ಓದಿದರು. ದನಿ ಕೂಡ ನಡುಗಲಿಲ್ಲ, ಅಬ್ಬಾ ಗಟ್ಟಿ ಗುಂಡಿಗೆಯೇ! "ಮೂರನೇ ತರಗತಿಯ ಕುಮಾರಿ ಭಾಗ್ಯಲಕ್ಷ್ಮಿ ಕನ್ನಡ ಪಾಠವನ್ನು ತಡವರಿಸದೆ ಓದಿದಳು. ಏಳರ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿದಳು. ಪಠ್ಯಪುಸ್ತಕದಲ್ಲಿ ಇನ್ನೂ ಹಳೆಯ ಚಿತ್ರದುರ್ಗ ಜಿಲ್ಲೆಯೇ ಇದ್ದರೂ, ಹೊಸ ದಾವಣಗೆರೆ ಜಿಲ್ಲೆಯ ಆರೂ ತಾಲ್ಲೂಕುಗಳನ್ನು ಹೇಳಿದಳು. ಕಾಯಿಸಿ ಆರಿಸಿದ ನೀರನ್ನೇ ಏಕೆ ಕುಡಿಯಬೇಕೆಂದು ವಿವರಿಸಿದಳು. ಶಿಕ್ಷಕಿಯ ಶ್ರಮ ಮೆಚ್ಚುವಂಥದ್ದು."

"ಇನ್ನೊಂದ್ಸಲ ಓದ್ರಿ ಸಾರ್."

ಮೇಷ್ಟ್ರು ಇನ್ನೊಮ್ಮೆ ಓದಿದರು.

"ಏಳರ ಮಗ್ಗಿ ಪೂರಾ ಹೇಳಿದ್ಲಾ?"

"ಪೂರಾ."

ಹುಲಿಗೆಮ್ಮ ಆಗ ಅತ್ತಳು. ಸೆರಗು ಬಾಯಿಗೊತ್ತಿಕೊಂಡು ಹೊಸ್ತಿಲಲ್ಲೇ ಕುಸಿದು ಕೂತು ಅತ್ತಳು. "ನಾಕರ ಮುಂದಕ್ಕೆ ಹೋಗ್ತಿರಲಿಲ್ಲ ಟೀಚರಮ್ಮ ಅದು. ಸಾಹೇಬ್ರು ಬರ್ತಾರೆ, ಕಲಿಯೇ ಅಂತ ಭಾನುವಾರ ಬೆನ್ನಿಗೆ ನಾಕು ಹಾಕಿದ್ದೆ. ಸಾಹೇಬ್ರು ನನ್ನ ಕೇಳಂಗಿಲ್ಲ ಬಿಡವ್ವ ಅಂತ ನಗ್ತಿತ್ತು. ಈ ಕೈ ಸೇದಿಹೋಗ್ಲಿ, ಕಲ್ತಿದ್ದ ಕೂಸಿಗೆ ಹೊಡೆದ್ನಲ್ಲ!"

ನಿರ್ಮಲಾ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಪುಸ್ತಕ ಮುಚ್ಚಿ, ಕಣ್ಣಲ್ಲೇ ಬೇಡ ಎಂದರು. ಈಗ ಹೇಳಿದರೆ ಈ ತಾಯಿಗೆ ಉಳಿದಿರುವುದನ್ನೂ ಕಿತ್ತುಕೊಂಡಂತೆ ಎಂದು ಟೀಚರ್ ತಮಗೆ ತಾವೇ ಹೇಳಿಕೊಂಡರು. ಹಾಗೆ ಹೇಳಿಕೊಳ್ಳುವುದು ಎಷ್ಟು ಸಲೀಸಾಗಿತ್ತೆಂದರೆ, ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು. ಆದರೂ ಬಾಯಿ ಬಿಡಲಿಲ್ಲ.

ಹುಲಿಗೆಮ್ಮ ಎದ್ದು ಬಂದು ಟೀಚರ ಕಾಲು ಮುಟ್ಟಿದಳು. ನಿರ್ಮಲಾ ಹಿಂದೆ ಸರಿದರು, ಬೆನ್ನು ಬೋರ್ಡಿಗೆ ತಾಗಿತು.

"ಅಂಥಾ ದಡ್ಡೀಗೂ ಕಲಿಸಿಬಿಟ್ರಿ ತಾಯೀ. ಬರೋ ಜೂನಿಗೆ ನನ್ನ ಕಿರೇಳು ಮೂರನೇ ಕ್ಲಾಸಿಗೆ ಬರ್ತಾಳೆ. ಅವಳೂ ಇವಳಂಗೇ, ತಲೆ ಸ್ವಲ್ಪ ಮಂದ. ನಿಮ್ಮ ಕೈಯಾಗೇ ಹಾಕ್ತೀನಿ, ನೋಡ್ಕಳ್ರಿ."