ಓರ್ಟಾ ಜಿಲ್ಲೆಯ ಕೊನೆಯ ಪಂದ್ಯ

"ಎಳೀರೋ! ಇವತ್ತು ಬಿಟ್ರೆ ಇನ್ನಿಲ್ಲ, ಎಳೀರೋ!"

ದೋಣಿಯ ಹಿಂತುದಿಯಲ್ಲಿ ಚುಕ್ಕಾಣಿ ಹಿಡಿದು ನಿಂತಿದ್ದ ಬೆಲಾರ್ಮಿನೊನ ಗಂಟಲು ಕೂಗಿ ಕೂಗಿ ಬಿದ್ದುಹೋಗಿತ್ತು. ಪೀಕೊ ದ್ವೀಪದ ಅವನ ದೋಣಿ ಫಯಾಲ್ ದ್ವೀಪದ ದೋಣಿಯನ್ನು ಹಿಂದೆ ಹಾಕಿ ನುಗ್ಗುತ್ತಿತ್ತು. ಎದುರಿಗೆ ಫಯಾಲಿನ ಓರ್ಟಾ ಪಟ್ಟಣದ ಕಟ್ಟೆ, ಕಟ್ಟೆಯ ಮೇಲೆ ಬ್ಯಾಂಡು, ಗವರ್ನರು, ಮೇಜಿನ ಮೇಲೆ ಬೆಳ್ಳಿಯ ಬಟ್ಟಲು. ಗುರಿಯ ಹಗ್ಗ ಕೂಗಳತೆಯಲ್ಲಿತ್ತು.

ಆ ಬಟ್ಟಲು ಒಮ್ಮೆಯೂ ಕಡಲು ದಾಟಿ ಪೀಕೊಗೆ ಬಂದದ್ದಿಲ್ಲ. ಓರ್ಟಾ ಜಿಲ್ಲೆಯಲ್ಲಿ ದ್ವೀಪಗಳು ನಾಲ್ಕಿದ್ದರೂ ಕೋರ್ಟು, ಆಸ್ಪತ್ರೆ, ಹೈಸ್ಕೂಲು, ಗವರ್ನರ ಸಹಿ ಎಲ್ಲವೂ ಓರ್ಟಾದಲ್ಲೇ. ಪೀಕೊದವರು ಮುತ್ತಜ್ಜನ ಕಾಲದಿಂದಲೂ ಒಂದು ಮೊಹರಿಗಾಗಿ ಅಲೆಗಳಲ್ಲಿ ವಾಂತಿ ಮಾಡಿಕೊಂಡು ಅಲ್ಲಿಗೆ ಹೋಗಬೇಕು, ಬಾಗಿಲಲ್ಲಿ ಕಾಯಬೇಕು. ಬೆಲಾರ್ಮಿನೊ ಹುಟ್ಟಿದ್ದೇ ಆಸ್ಪತ್ರೆಗೆ ಹೊರಟ ದೋಣಿಯಲ್ಲಿ, ನಡುಗಡಲಿನಲ್ಲಿ. ಈಗ ಅಸೋರ್ಸ್ ದ್ವೀಪಸಮೂಹದ ಜಿಲ್ಲೆಗಳನ್ನೆಲ್ಲ ರದ್ದು ಮಾಡಿ ಎಲ್ಲ ದ್ವೀಪಗಳಿಗೂ ಒಂದೇ ಸರ್ಕಾರ ಮಾಡುತ್ತಾರಂತೆ. ಜಿಲ್ಲೆಯೇ ಹೋದ ಮೇಲೆ ಜಿಲ್ಲೆಯ ಬಟ್ಟಲಿಗೆ ಪಂದ್ಯ ಎಲ್ಲಿಂದ ಬರಬೇಕು? ಇವತ್ತು ಗೆದ್ದವರಿಗೇ ಅದು ಶಾಶ್ವತ. ಅದನ್ನು ಎತ್ತಿಕೊಂಡು ಊರಿಗೆ ಹೋಗದಿದ್ದರೆ ತಾನು ಗಂಡಸೇ ಅಲ್ಲ ಎಂದು ಬೆಲಾರ್ಮಿನೊ ಹೆಂಡತಿಯ ಮುಂದೆ ಹೇಳಿ ಬಂದಿದ್ದ.

"ಏನೋ ಬೆಲಾರ್ಮಿನೊ, ಇಷ್ಟು ಅವಸರ? ಅರ್ಜಿ ಕೊಡೋಕೆ ಬಂದ್ಯಾ? ಆಫೀಸು ಇವತ್ತು ರಜಾ ಕಣೋ!" ಹಿಂದಿನಿಂದ ಫಯಾಲ್ ದೋಣಿಯ ಚುಕ್ಕಾಣಿಗ ಎರ್ಮಿನಿಯೊ ಕೂಗಿದ.

"ಬಟ್ಟಲು ಕಟ್ಕೊಂಡು ಹೋಗೋಕೆ ಬಟ್ಟೆ ತಂದಿದೀನಿ ಕಣೋ! ನಿನ್ನ ಕಣ್ಣೊರೆಸ್ಕೊಳ್ಳೋಕೂ ಚೂರು ಹರಿದುಕೊಡ್ತೀನಿ ಬಾ!"

ಆಗ ಪೀಕೊ ಕಡೆಯ ಆಕಾಶದಲ್ಲಿ ಸಿಡಿಮದ್ದಿನ ಬಾಣವೊಂದು ಢಮ್ಮೆಂದು ಸಿಡಿಯಿತು. ತಿಮಿಂಗಿಲ ಕಂಡಾಗ ಗುಡ್ಡದ ಮೇಲಿನ ಕಾವಲುಗಾರ ಹಾರಿಸುವ ಬಾಣ. ಆ ಸದ್ದು ಕೇಳಿದರೆ ಚರ್ಚಿನ ಪೂಜೆಯನ್ನೂ, ಎತ್ತಿದ ತುತ್ತನ್ನೂ ಅರ್ಧಕ್ಕೆ ಬಿಟ್ಟು ದೋಣಿಗೆ ಹಾರುವ ಜನ ಇವರು. ಪಂದ್ಯದ ದೋಣಿಗಳೂ ಬೇಟೆಯ ದೋಣಿಗಳೇ. ಯಾರೂ ಅಪ್ಪಣೆ ಕೊಡಲಿಲ್ಲ, ಯಾರೂ ಕಾಯಲಿಲ್ಲ. ಬೆಲಾರ್ಮಿನೊನ ಕೈ ತಾನಾಗಿಯೇ ಚುಕ್ಕಾಣಿ ತಿರುಗಿಸಿತು. ದೋಣಿ ಗುರಿಯ ಹಗ್ಗಕ್ಕೆ ಬೆನ್ನು ಹಾಕಿ ಹೊರಗಡಲಿಗೆ ನುಗ್ಗಿತು. ಪಕ್ಕದಲ್ಲೇ ಎರ್ಮಿನಿಯೊನ ದೋಣಿಯೂ! ಕಟ್ಟೆಯ ಮೇಲೆ ಬ್ಯಾಂಡಿನವರು ಊದುವುದನ್ನೂ ಮರೆತು ನೋಡುತ್ತ ನಿಂತರು.

ಮೊದಲು ಈಟಿ ನೆಟ್ಟವರದೇ ತಿಮಿಂಗಿಲ. ಎರಡೂ ದೋಣಿಯವರು ಪಂದ್ಯದಲ್ಲಿ ಎಳೆದದ್ದಕ್ಕಿಂತ ಜೋರಾಗಿ ಎಳೆದರು. ಮುಂತುದಿಯಲ್ಲಿ ಬೆಲಾರ್ಮಿನೊನ ಭಾವಮೈದುನ, ಈಟಿಗಾರ ಉರ್ಬಾನೊ, ದೋಣಿಯಂಚಿಗೆ ತೊಡೆ ಊರಿ ನಿಂತು ಹಿಂದಕ್ಕೆ ಕೈ ಚಾಚಿದ.

"ಭಾವ, ಈಟಿ?"

"ಎಲ್ಲಿಂದ ತರ್ಲೋ ಈಟಿ! ಪಂದ್ಯಕ್ಕೆ ದೋಣಿ ಹಗುರ ಇರ್ಲಿ ಅಂತ ನೀನೇ ಅಲ್ವೇನೋ ಇಳಿಸಿದ್ದು!"

ಉರ್ಬಾನೊ ಪಕ್ಕಕ್ಕೆ ತಿರುಗಿ ನೋಡಿದ. ಫಯಾಲಿನ ಈಟಿಗಾರನೂ ಬರಿಗೈ ಮೇಲೆತ್ತಿಕೊಂಡು ನಿಂತಿದ್ದ.

ಅಷ್ಟರಲ್ಲಿ ರೇಡಿಯೊ ಇದ್ದ ಪೀಕೊದ ಮೋಟಾರು ದೋಣಿ ಬುಸುಗುಟ್ಟುತ್ತ ಬಂತು. "ನಿಲ್ಸ್ರೋ! ತಿಮಿಂಗಿಲಾನೂ ಇಲ್ಲ, ಏನೂ ಇಲ್ಲ!" ಎಂದು ಅದರ ಚಾಲಕ ಕಿರುಚಿದ. "ಉರ್ಬಾನೊ, ನಿಮ್ಮಪ್ಪ ಗುಡ್ಡದ ಮೇಲೆ ಕೂತು ರೇಡಿಯೊದಲ್ಲಿ ಗೋಳೋ ಅಂತ ಅಳ್ತಿದಾನೆ! ದುರ್ಬೀನಲ್ಲಿ ನೀವು ಮುಂದಿರೋದು ನೋಡಿದ್ನಂತೆ. ಗೆದ್ದೇಬಿಟ್ರು ಅಂತ ಖುಷೀಲಿ ಬಾಣ ಹಚ್ಚಿಬಿಟ್ನಂತೆ!"

"ಪಂದ್ಯ?" ಬೆಲಾರ್ಮಿನೊ ಕೇಳಿದ.

"ದಾರಿ ಬಿಟ್ಟ ದೋಣಿ ಲೆಕ್ಕಕ್ಕಿಲ್ಲ. ನೀವಿಬ್ರೂ ಬಿಟ್ರಿ. ಬಟ್ಟಲು ಒಳಗಿಟ್ಟು ಬೀಗ ಹಾಕ್ತಿದಾರೆ."

ಬೆಲಾರ್ಮಿನೊಗೆ ಮಾವನನ್ನು ಆ ಗುಡ್ಡದಿಂದಲೇ ಕಡಲಿಗೆ ತಳ್ಳಬೇಕೆನ್ನಿಸಿತು. ಮರುಕ್ಷಣ ತಾನೇ ಮಕ್ಕಳ ಹಾಗೆ ಅತ್ತುಬಿಟ್ಟ. ಇನ್ನು ಪಂದ್ಯವಿಲ್ಲ, ಬಟ್ಟಲಿಲ್ಲ. ಇಷ್ಟು ತಲೆಮಾರು ಓರ್ಟಾದ ಬಾಗಿಲು ಕಾದದ್ದಕ್ಕೆ ತೋರಿಸಲು ಪೀಕೊದವರ ಕೈಯಲ್ಲಿ ಏನೂ ಇಲ್ಲ. ಎರಡು ದೋಣಿಗಳು ಒಂದಕ್ಕೊಂದು ತಾಗಿಕೊಂಡು ತೇಲಿದವು. ಎಲ್ಲರೂ ಹುಟ್ಟಿನ ಮೇಲೆ ಬಾಗಿ ಏದುಸಿರು ಬಿಡುತ್ತಿದ್ದರು.

"ನೀನೇ ಮುಂದಿದ್ದೆ ಕಣೋ," ಎಂದ ಎರ್ಮಿನಿಯೊ. ಅವನ ದನಿಯಲ್ಲಿ ಈಗ ಗೇಲಿ ಇರಲಿಲ್ಲ. "ಯಾರು ಕೇಳಿದ್ರೂ ಹೇಳ್ತೀನಿ."

"ನಿನ್ನ ಸಾಕ್ಷಿ ಇಟ್ಕೊಂಡು ಏನ್ ಮಾಡ್ಲಿ? ಅದರಲ್ಲಿ ವೈನು ಹುಯ್ಕೊಂಡು ಕುಡೀಲಾ?"

"ಹಾಗಾದ್ರೆ ಇಲ್ಲಿಂದ್ಲೇ ಇನ್ನೊಂದ್ಸಲ ಹೊಡೆಯೋಣ ಬಾ. ಗವರ್ನರೂ ಬೇಡ, ಬ್ಯಾಂಡೂ ಬೇಡ."

"ಎಲ್ಲಿಗೆ? ಮತ್ತೆ ನಿಮ್ಮ ಓರ್ಟಾಗೇನಾ? ಬರಲ್ಲ ಹೋಗೋ. ಸಾಕಾಗಿದೆ."

ಎರ್ಮಿನಿಯೊ ತಲೆಯೆತ್ತಿ, ಮೋಡ ಸುತ್ತಿಕೊಂಡಿದ್ದ ಪೀಕೊದ ಬೆಟ್ಟವನ್ನೊಮ್ಮೆ ನೋಡಿದ. "ನಿಮ್ಮ ಮದಲೇನಾ ಕಟ್ಟೆಗೆ," ಎಂದ. "ಇಷ್ಟು ಕಾಲ ನೀವೇ ಬಂದ್ರಿ. ಮೊದ್ಲು ಮುಟ್ಟಿದವ್ರಿಗೆ ನಿಮ್ಮ ಮಾವ ಒಂದು ಪೀಪಾಯಿ ವೈನು ಕೊಡ್ಲಿ, ಬಾಣ ಹಚ್ಚಿದ ತಪ್ಪಿಗೆ!"

ಬೆಲಾರ್ಮಿನೊಗೆ ಕೇಳಿದ್ದನ್ನು ನಂಬಲಾಗಲಿಲ್ಲ. ಯಾವ ಪಂದ್ಯದ ಗುರಿಯ ಹಗ್ಗವನ್ನೂ ಯಾರೂ ಪೀಕೊದ ದಡದಲ್ಲಿ ಕಟ್ಟಿದವರಲ್ಲ. ಅವನು ನಿಂತು ನೋಡುತ್ತಿದ್ದಂತೆಯೇ ಫಯಾಲಿನವರ ಹುಟ್ಟುಗಳು ನೀರಿಗೆ ಬಿದ್ದವು. ಅವರ ದೋಣಿ ಪೀಕೊದತ್ತ ಮೂತಿ ತಿರುಗಿಸಿ ಸರ್ರನೆ ಹೊರಟೇಬಿಟ್ಟಿತು. ಬೆಲಾರ್ಮಿನೊನ ಬಿದ್ದುಹೋಗಿದ್ದ ಗಂಟಲು ಅದೆಲ್ಲಿಂದಲೋ ಮರಳಿ ಬಂತು.

"ಏನ್ ನೋಡ್ತಾ ಕೂತ್ರೋ, ಎಳೀರೋ!" ಎಂದು ಅವನು ಕಡಲೆಲ್ಲ ಕೇಳುವಂತೆ ಅಬ್ಬರಿಸಿದ. "ನೆಂಟರು ಬರ್ತಿದಾರೆ! ಅವರು ಮುಟ್ಟೋಕೆ ಮುಂಚೆ ನಾವು ಮನೇಲಿರಬೇಡ್ವೇನ್ರೋ!"