ವೀಸಾಕ್ಕೊಂದು ಕರಿಮಣಿ

"ಮದುವೆ ಆಗದವ್ರು ವಾಪಸ್ ಬರಲ್ಲ ಅಂತ ಅನುಮಾನ ಪಡ್ತಾರೆ ಮೇಡಂ. ಅರ್ಜಿ ಹೇಗಾದ್ರೂ ಇರ್ಲಿ, ಕತ್ತಲ್ಲಿ ಒಂದು ಕರಿಮಣಿ ಇರ್ಲಿ," ಎಂದಿದ್ದ ಏಜೆಂಟ್.

ನಲವತ್ತು ದಾಟಿದ್ದ ಕುಮುದಳಿಗೆ ಕಡಲಾಚೆಯ ಊರೊಂದನ್ನು ನೋಡುವ ಆಸೆ. ಬಳೆ ಅಂಗಡಿಯಲ್ಲಿ ಕೊಂಡ ಸರ ತೊಟ್ಟು, ಅಮ್ಮನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಸಂದರ್ಶನಕ್ಕೆ ಒಳಗೆ ಹೋದಳು.

ಅಧಿಕಾರಿ ಅರ್ಜಿ ನೋಡಿದ. ಆಮೇಲೆ ಅವಳ ಕತ್ತು ನೋಡಿದ.

"ಅವಿವಾಹಿತೆ ಅಂತ ಬರೆದಿದ್ದೀರಿ. ಮತ್ತೆ ಇದು?"

ಸಾಲಿನಲ್ಲಿದ್ದವರೆಲ್ಲ ಕಿವಿಗೊಟ್ಟರು. ಕುಮುದಳ ಮುಖಕ್ಕೆ ಬೆಂಕಿ ಹತ್ತಿದಂತಾಯಿತು.

"ಸುಮ್ಮನೆ ಹಾಕ್ಕೊಂಡೆ ಸರ್. ಇದಿದ್ರೆ ವೀಸಾ ಸಿಗುತ್ತೆ ಅಂದ್ರು. ನನಗೆ ಮದುವೆ ಆಗಿಲ್ಲ."

"ಅದಕ್ಕೂ ವೀಸಾಕ್ಕೂ ಸಂಬಂಧವಿಲ್ಲ," ಎಂದು ಅವನು ನಕ್ಕ. "ಹೋಗಿ ಬನ್ನಿ."

ವೀಸಾ ಸಿಕ್ಕರೂ ಅವಳಿಗೆ ತಲೆ ಎತ್ತಲಾಗಲಿಲ್ಲ. ಸರದ ಕೊಂಡಿಗೆ ಕೈ ಹಾಕುತ್ತಲೇ ಹೊರಗೆ ಬಂದಳು. ಬೆಂಚಿನ ಮೇಲೆ ಅಮ್ಮ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನೊಂದಿಗೆ ಮಾತಿಗಿಳಿದಿದ್ದಳು. ಎಷ್ಟೋ ವರ್ಷಗಳಿಂದ ಕಾಣದ ಕಳೆ ಅಮ್ಮನ ಮುಖದಲ್ಲಿತ್ತು.

"ಇವಳೇ ನೋಡಿ ನನ್ನ ಮಗಳು. ಅಳಿಯಂದ್ರಿಗೆ ರಜಾ ಸಿಗ್ಲಿಲ್ಲ, ಇಲ್ದಿದ್ರೆ ಅವರೇ ಬರೋರು. ಇವಳನ್ನ ಒಬ್ಬಳನ್ನೇ ಎಲ್ಲಿಗೂ ಕಳ್ಸೋರಲ್ಲ."