ಬಾಗಿಲ ಮೇಲಿನ ತೊಲೆ

"ಇದು ಮಹಡಿಯ ಭಾರ ಹೊತ್ತ ಗೋಡೆ ಅಮ್ಮಾ. ಮುಟ್ಟೋದು ಬೇಡ," ಎಂದ ಲುಬ್ವಾಮ, ಮೂರನೇ ಸಲ.

ನಕಿಮೇರಾ ಗಾಲಿಕುರ್ಚಿಯನ್ನು ಮುಂದಕ್ಕೆ ತಳ್ಳಿಕೊಂಡರು. ಚಕ್ರ ಬಾಗಿಲ ಚೌಕಟ್ಟಿಗೆ ಬಡಿದು ನಿಂತಿತು. ಕಾಲು ಸ್ವಾಧೀನ ತಪ್ಪಿದ ಮೇಲೆ ಎರಡು ತಿಂಗಳಿಂದ ಅವರು ಒಳಕೋಣೆಯನ್ನೇ ಕಂಡಿರಲಿಲ್ಲ.

"ನಾಲ್ಕು ಬೆರಳು ಸಾಲದು ನೋಡು, ಬಾಗಿಲು ಅಗಲ ಮಾಡ್ಲೇಬೇಕು. ಕಟ್ಟಿದವನು ನೀನು. ಇದರ ಹೊಟ್ಟೇಲಿ ಏನಿದೆ ಅಂತ ನಿನಗಿಂತ ಯಾರಿಗೆ ಗೊತ್ತು?"

ಮಸಾಕಾ ಪೇಟೆಗೆಲ್ಲ ಲುಬ್ವಾಮನಷ್ಟು ಎಚ್ಚರದ ಗಾರೆ ಮೇಸ್ತ್ರಿ ಇಲ್ಲವೆಂದು ಹೆಸರು. ನೀಲಗಿರಿ ಕಂಬ ತರಿಸಿ ಮಹಡಿಯ ಅಡಿಗೆ ಆನಿಸಿದ. ಎರಡು ಸಾಕಾಗಿತ್ತು, ಆರು ನಿಲ್ಲಿಸಿದ. ಮೇಲೆ ಮೊಮ್ಮಕ್ಕಳು ಓಡಿದ ಸದ್ದಿಗೆ ಬೆಚ್ಚಿ, ಎಲ್ಲರನ್ನೂ ಅಂಗಳಕ್ಕೆ ಅಟ್ಟಿದ.

"ಇಷ್ಟು ಕಂಬ ಯಾಕೋ? ಇದರಲ್ಲಿ ಹೋಗೋಳು ಮುದುಕಿ, ಆನೆ ಅಲ್ಲ."

ಅವನು ನಗಲಿಲ್ಲ. ಉಳಿ ಹಿಡಿದ ಕೈ ಮೇಲೇಳಲಿಲ್ಲ. ಕೊನೆಗೆ ಗಾಲಿಕುರ್ಚಿಯ ಮುಂದೆ ಮಂಡಿಯೂರಿದ.

"ಅಮ್ಮಾ, ಬಾಗಿಲ ಮೇಲಿನ ತೊಲೇಲಿ ಕಬ್ಬಿಣ ಇಲ್ಲ. ನಿಮ್ಮ ಯಜಮಾನರು, ಮೇಷ್ಟ್ರು, ತಂದಿಟ್ಟ ನಾಲ್ಕು ಸರಳನ್ನೂ ನಾನೇ ಕದ್ದೆ. ಆಗ ಅಪ್ಪ ಮನೆ ಕಟ್ತಿದ್ದ. ಕೆಲಸದಲ್ಲಿ ಉಳೀತು ಅಂತ ಸುಳ್ಳು ಹೇಳಿ ಅವನಿಗೆ ಕೊಟ್ಟೆ."

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ತೊಲೆಗೆ ಬರೀ ಕಾಂಕ್ರೀಟ್ ಸುರಿದು ಅವನು ಕಂಪಾಲಾದ ಕೆಲಸಕ್ಕೆ ಹೋಗಿಬಿಟ್ಟಿದ್ದ. ಮೂರನೇ ವರ್ಷ ಭೂಮಿ ನಡುಗಿತು. ಅವನು ಕಬ್ಬಿಣ ಹಾಕದೆ ಬಿಟ್ಟ ಮೇಷ್ಟ್ರ ಮನೆ ಒಂದು ಬಿರುಕೂ ಇಲ್ಲದೆ ನಿಂತಿತು. ಕದ್ದ ಕಬ್ಬಿಣ ಪಡೆದ ಅಪ್ಪನ ಮನೆ ಕುಸಿಯಿತು. ಅವನಿಗೆ ಗಾರೆ ಕೆಲಸ ಕಲಿಸಿದ ಅಪ್ಪ, ತನ್ನದೇ ಬಾಗಿಲ ಕೆಳಗೆ ಸಿಕ್ಕಿ ಸತ್ತ. ಮಗ ಬರುವಷ್ಟರಲ್ಲಿ ಹೆಣ ಮಣ್ಣಾಗಿತ್ತು, ಮನೆಯಿದ್ದ ಜಾಗ ಸಮವಾಗಿತ್ತು. ಕಳ್ಳ ಕಬ್ಬಿಣಕ್ಕೆ ದೇವರು ಕೊಟ್ಟ ಶಿಕ್ಷೆ ಎಂದುಕೊಂಡ. ಅಂದಿನಿಂದ ಪ್ರತಿ ಗಾಳಿಮಳೆಯ ಮಾರನೇ ದಿನ, ಏನೋ ನೆಪ ಹೇಳಿಕೊಂಡು ಈ ಮನೆಗೆ ಬಂದು, ಈ ಗೋಡೆ ನೋಡಿ ಹೋಗುತ್ತಿದ್ದ.

ನಕಿಮೇರಾ ಕುರ್ಚಿಯನ್ನು ಬಾಗಿಲಿಂದ ಹಿಂದಕ್ಕೆ ಸರಿಸಿಕೊಂಡರು. ಆಮೇಲೆ, "ಒಡೆದು ನೋಡು," ಎಂದರು.

ಒಡೆದ. ಗಾರೆ ಉದುರಿತು. ಉಳಿ ಠಣ್ಣೆಂದಿತು. ಕಾಂಕ್ರೀಟಿನೊಳಗೆ ಸರಳು. ಒಂದಲ್ಲ, ನಾಲ್ಕು.

ಲುಬ್ವಾಮ ಅಳುತ್ತಲೇ ನಕ್ಕುಬಿಟ್ಟ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಮೇಷ್ಟ್ರಿಗೆ ಗೊತ್ತಾಗಿತ್ತಾ ಅಮ್ಮಾ? ಬೇರೆ ತಂದು ಹಾಕಿಸಿದ್ರಾ?"

ನಕಿಮೇರಾ ಅವನ ತಲೆಯ ಮೇಲೆ ಕೈಯಿಟ್ಟರು.

"ಬೇರೆ ಅಲ್ಲ ಕಣಪ್ಪ, ಅವೇ. ನೀನು ಬಸ್ಸು ಹತ್ತಿದ ಮಾರನೇ ದಿನ ನಿಮ್ಮಪ್ಪ ಹೊತ್ತು ತಂದ್ರು. ಹಸಿ ತೊಲೆ ತಾವೇ ಒಡೆದು, ತಾವೇ ಹಾಕಿದ್ರು. 'ನನ್ನ ಬಾಗಿಲಿಗೆ ಒಂದು ಮರದ ತುಂಡು ಸಾಕು, ಮಗನಿಗೆ ಮಾತ್ರ ಹೇಳ್ಬೇಡಿ' ಅಂದ್ರು."